ಅಂಬಿಗನನ್ನು ಕಟ್ಟೆಯಿಂದ ಇಳಿಸಿದ ಅತ್ತೆ ಸೊಸೆ

ಹಿಂದಕ್ಕೆ, ಬಲು ಹಿಂದಕ್ಕೆ, ಹೊಳೆ ದಾಟಬೇಕೆಂದರೆ ಅಂಬಿಗನ ಮುಖ ನೋಡದೆ ಗತಿಯಿಲ್ಲದ ಕಾಲದಲ್ಲಿ, ಬಂಡೆಹೊಳೆ ಅಂತ ಒಂದು ಊರು. ಆ ಊರಿನ ಕಡವಿನಲ್ಲಿ, ಅಂದರೆ ಹೊಳೆ ದಾಟುವ ಜಾಗದಲ್ಲಿ, ಗವಿಯಪ್ಪ ಅಂತ ಒಬ್ಬ ಅಂಬಿಗ. ಈಚೆ ದಡದವರನ್ನು ಆಚೆಗೆ, ಆಚೆ ದಡದವರನ್ನು ಈಚೆಗೆ ಸಾಗಿಸುವುದು ಅವನ ಕೆಲಸ. ಮಾತಾಡುವುದು ಅವನ ಚಾಳಿ. ಆಚೆ ದಡದಲ್ಲಿ ಯಾವ ಕೆಲಸ ಇಲ್ಲದಿದ್ದರೂ ಅವನ ಮಾತು ಕೇಳಲೆಂದೇ ಹೊಳೆ ದಾಟಿ ಬರುವವರಿದ್ದರಂತೆ.

ಹರಿಗೋಲು ನೋಡಿದ್ದೀರಲ್ಲ, ಬಿದಿರು ಹೆಣೆದು ಮೇಲೆ ಚರ್ಮ ಹೊದಿಸಿದ ದೊಡ್ಡ ಬುಟ್ಟಿ. ಅದಕ್ಕೆ ಹಿಂದಿಲ್ಲ ಮುಂದಿಲ್ಲ. ಹುಟ್ಟು ಹಾಕಲು ಬಾರದವನ ಕೈಗೆ ಸಿಕ್ಕರೆ ನಿಂತಲ್ಲೇ ಗಿರಗಿರ ಸುತ್ತುತ್ತದೆ. ಗವಿಯಪ್ಪನ ಕೈಯಲ್ಲಿ ಮಾತ್ರ ಬಿಟ್ಟ ಬಾಣದ ಹಾಗೆ ನೆಟ್ಟಗೆ ಹೋಗುತ್ತಿತ್ತಂತೆ.

ಆ ಕಡವಿಗೆ ಒಂದು ಕಟ್ಟಳೆ. ಪ್ರತಿ ವರ್ಷ ಮೇಲಿನ ಸೀಮೆಯ ಮಳೆಗೆ ಕೆಂಪಗೆ ಹೊಸ ನೀರು ಇಳಿದು ಬಂದ ದಿನ, ಕಡವಿನ ಮನೆಯ ಯಜಮಾನನೇ ಮೊದಲ ಹರಿಗೋಲನ್ನು ಆಚೆ ದಡ ಮುಟ್ಟಿಸಬೇಕು. ಹೊತ್ತು ನೆತ್ತಿಗೇರುವುದರೊಳಗೆ ಅವನು ಹೊರಡದಿದ್ದರೆ, ಇಲ್ಲಾ ಹೊರಟೂ ಮುಟ್ಟದಿದ್ದರೆ, ಆಮೇಲೆ ಯಾವನು ಮುಟ್ಟಿಸುತ್ತಾನೋ ಕಡವಿನ ಹಕ್ಕು ಅವನ ಮನೆಗೆ. ಅತ್ತು ಕರೆದು ವಾಪಸ್ಸು ಕೇಳುವಂತಿಲ್ಲ. ಗವಿಯಪ್ಪನ ಮನೆಯಲ್ಲಿ ಆ ಕಡವು ಅವನ ಮುತ್ತಜ್ಜನ ಮುತ್ತಜ್ಜನಿಂದ ಇತ್ತು. ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿ ಹುಲಿಗೆವ್ವ, ಕಡವು, ಮಾತು, ಈ ಮೂರೇ ಅವನ ಆಸ್ತಿ.

ಒಂದು ಬೇಸಿಗೆ, ಹರಿಗೋಲನ್ನು ಒಣಗಿಸಲೆಂದು ಬಂಡೆಯ ಮೇಲಕ್ಕೆ ಎಳೆಯುವಾಗ ಹಗ್ಗ ಕಿತ್ತಿತು. ಗವಿಯಪ್ಪ ಬಂಡೆಯಿಂದ ಜಾರಿ, ತಲೆ ಕಲ್ಲಿಗೆ ಬಡಿದು, ಮಡುವಿಗೆ ಬಿದ್ದ. ಮೇಲಕ್ಕೆತ್ತಿದಾಗ ಉಸಿರಿರಲಿಲ್ಲ ಅಂತಾರೆ. ಇತ್ತು, ನೋಡಿದವರಿಗೆ ಗೊತ್ತಾಗಲಿಲ್ಲ ಅಂತಲೂ ಅಂತಾರೆ. ಹೆಂಗಸರು ಅಳಲು ಶುರುಮಾಡಿ, ಗಂಡಸರು ಕಟ್ಟಿಗೆ ತರಲು ಹೋದ ಮೇಲೆ ಅವನು ಕಣ್ಣು ಬಿಟ್ಟ.

ಕಣ್ಣು ಬಿಟ್ಟನೇ ಹೊರತು ಬಲಗೈ ಬರಲಿಲ್ಲ. ಬಲಗಾಲು ಮರದ ಕೊರಡು. ಬಾಯಿ ಒಂದು ಕಡೆ ಜಗ್ಗಿತ್ತು. ಮಾತೆಲ್ಲ ಹೊಳೆಯಲ್ಲಿ ಉಳಿದುಬಿಟ್ಟಿತ್ತು. ಅವನ ಜೊತೆ ಮೇಲೆ ಬಂದದ್ದು ಒಂದೇ ಒಂದು ಬೈಗುಳ: "ನಿನ್ನ ಬಾಯಾಗ ಮಣ್ಣು ಹಾಕ!"

ತಲೆಯೊಳಗೆ ಎಲ್ಲಾ ಇತ್ತಂತೆ. ಮಾತು ತಿರುಗಿ ಬಂದ ಮೇಲೆ ಅವನೇ ಹೇಳಿಕೊಂಡದ್ದು ಇದು, ಅದಕ್ಕೇ ನಮಗೆ ಗೊತ್ತು. ನೀರು ಬೇಕು ಅನ್ನಲು ಬಾಯಿ ತೆರೆದರೆ "ನಿನ್ನ ಬಾಯಾಗ ಮಣ್ಣು ಹಾಕ" ಅಂತ ಬರುತ್ತಿತ್ತು. ಅಳುತ್ತಿದ್ದ ಹೆಂಡತಿಗೆ ಅಳಬೇಡವೇ ಅನ್ನಲು ಹೋದರೂ ಅದೇ. ಹುಲಿಗೆವ್ವ ಇನ್ನಷ್ಟು ಅತ್ತಳು.

ಇಲ್ಲಿಯವರೆಗೆ ಎಲ್ಲಾ ಊರಲ್ಲೂ ಆಗುವಂಥದ್ದೇ. ಇನ್ನು ಮುಂದಿನದು ಬಂಡೆಹೊಳೆಯಲ್ಲಿ ಮಾತ್ರ ಆಗಬಲ್ಲದ್ದು. ಆ ಊರ ಅಂಬಿಗರಲ್ಲಿ ಒಂದು ನಂಬಿಕೆ. ಹೊಳೆ ತಗೊಂಡದ್ದನ್ನು ತಿರುಗಿ ಕೊಡುವುದಿಲ್ಲ. ಹಾಗೆ ಯಾರನ್ನಾದರೂ ಕೊಟ್ಟರೆ ಅವನು ಇನ್ನು ಮನೆಯವನಲ್ಲ, ಹೊಳೆಯ ಮಗ. ಅವನ ಕಾಲು ನೆಲಕ್ಕೆ ತಾಗಬಾರದು. ಅವನು ತನ್ನ ಕೈಯಿಂದ ಒಂದು ಹುಲ್ಲುಕಡ್ಡಿ ಎತ್ತಬಾರದು. ಇಂಥವನು ಹಿಂದೆ ಯಾರಿಗೂ ಸಿಕ್ಕಿರಲಿಲ್ಲವಾದ್ದರಿಂದ ಊರಿಗೆ ಹುರುಪೂ ಜಾಸ್ತಿ. ಗವಿಯಪ್ಪನನ್ನು ಹೊತ್ತು ತಂದು ಬೇವಿನ ಕಟ್ಟೆಯ ಮೇಲೆ ಕೂರಿಸಿದರು. ಕಾಲು ತೊಳೆದರು, ವಿಭೂತಿ ಬಳಿದರು, ತುತ್ತು ಮಾಡಿ ತಿನ್ನಿಸಿದರು. ಮಗ್ಗುಲು ಬದಲಿಸಲೂ ನಾಲ್ಕು ಜನ ಓಡಿ ಬರುತ್ತಿದ್ದರಂತೆ. ಎಲ್ಲಾ ಪ್ರೀತಿಯಿಂದಲೇ. ಪ್ರೀತಿಯಿಂದ ಮಾಡಿದ್ದನ್ನು ತಡೆಯುವುದು ಕಷ್ಟ, ಬೈಯುವುದು ಇನ್ನೂ ಕಷ್ಟ. ಬೈದರೂ ಅವನ ಬಳಿ ಇದ್ದದ್ದು ಒಂದೇ ಬೈಗುಳ.

ಆ ಬೈಗುಳಕ್ಕೂ ಬೆಲೆ ಬಂತು. ಹೊಟ್ಟೆನೋವೆಂದು ಒಬ್ಬ ಬಂದು ಕಾಲಿಗೆ ಬಿದ್ದ. ಹೋಗಿ ಯಾರಾದರೂ ವೈದ್ಯರನ್ನು ಕಾಣಪ್ಪಾ ಅನ್ನಬೇಕೆಂದು ಗವಿಯಪ್ಪ ಬಾಯಿ ತೆರೆದ. "ನಿನ್ನ ಬಾಯಾಗ ಮಣ್ಣು ಹಾಕ!" ಆ ಪುಣ್ಯಾತ್ಮ ಕಟ್ಟೆಯ ಬುಡದ ಒಂದು ಚಿಟಿಕೆ ಮಣ್ಣು ತೆಗೆದು ಬಾಯಿಗೆ ಹಾಕಿಕೊಂಡ. ಹೊಟ್ಟೆನೋವು ಹೋಯಿತು ಅಂತಾರೆ. ಹೋದದ್ದು ನೋವಲ್ಲ, ಊಟದ ಆಸೆ ಅಂತಲೂ ಅಂತಾರೆ. ಏನೇ ಇರಲಿ, ಸುತ್ತಲಿನ ಹಳ್ಳಿಗಳಿಂದ ಜನ ಮಣ್ಣು ತಿನ್ನಲು ಸಾಲುಗಟ್ಟಿದರು.

ಎಲ್ಲರಿಗಿಂತ ದೊಡ್ಡ ಭಕ್ತ ಯಾರೆಂದರೆ ಮಾರೆಪ್ಪ. ಗವಿಯಪ್ಪನ ಚಿಕ್ಕಪ್ಪನ ಮಗ, ದಾಯಾದಿ. ಬೆಳಿಗ್ಗೆ ಎದ್ದು ಅಣ್ಣನ ಪಾದ ತೊಳೆಯುವವನು ಅವನೇ. ಕಟ್ಟೆಗೆ ಚಪ್ಪರ ಹಾಕಿಸಿದವನೂ ಅವನೇ. ಆಮೇಲೆ ಹೊಳೆಗೆ ಹೋಗಿ, ಅಣ್ಣನ ಹೆಸರು ಹೇಳಿಕೊಂಡು ತನ್ನ ಹರಿಗೋಲು ಬಿಡುತ್ತಿದ್ದ. ದೇವರಾದವನು ಹುಟ್ಟು ಹಾಕುವುದಿಲ್ಲವಲ್ಲ. ಬರುವ ಹೊಸ ನೀರಿಗೆ ಕಡವು ಯಾರ ಮನೆಗೆ ಅನ್ನುವುದು ಗವಿಯಪ್ಪನಿಗೆ ಕಟ್ಟೆಯ ಮೇಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಕಂಡದ್ದನ್ನು ಹೇಳಲು ಬಾಯಿಲ್ಲ. ಕೈ ದಿನದಿಂದ ದಿನಕ್ಕೆ ಒಣಗಿದ ಹೀರೇಕಾಯಿಯ ಹಾಗೆ ಆಗುತ್ತಿತ್ತು. ಕಡೆಗೆ ಅವನು ತುತ್ತಿಗೆ ಬಾಯಿ ತೆರೆಯುವುದನ್ನೇ ನಿಲ್ಲಿಸಿದ. ಉಪವಾಸ ಹಿಡಿದಾನ ಅಂತ ಜನ ಇನ್ನಷ್ಟು ಕೈಮುಗಿದರು.

ಹಿಂಗಿರುವಾಗ ಆ ಅತ್ತೆ ಸೊಸೆ ಬಂದರು.

ಅತ್ತೆ ಕೆಂಚವ್ವ, ಸೊಸೆ ನೀಲವ್ವ. ಅವರು ಎಲ್ಲಿಯವರು ಅಂದರೆ ಒಬ್ಬೊಬ್ಬರು ಒಂದೊಂದು ಊರು ಹೇಳುತ್ತಾರೆ. ಒಂದು ಕತ್ತೆಯ ಮೇಲೆ ಎಣ್ಣೆಯ ಬುರುಡೆ, ಬೇರು, ಪಟ್ಟಿ ಹೇರಿಕೊಂಡು ಊರೂರು ತಿರುಗುತ್ತಿದ್ದರು. ಮುರಿದ ಮೂಳೆ, ಸೋತ ಕೈಕಾಲು ಅತ್ತೆಯ ಪಾಲಿಗೆ. ಮುರಿದ ಮನಸ್ಸು ಸೊಸೆಯ ಪಾಲಿಗೆ. ಗುಡ್ಡದಿಂದ ಬಿದ್ದ ಕಲ್ಲುಕುಟಿಗನೊಬ್ಬ ಇವರ ಕೈಯಲ್ಲಿ ಎದ್ದು ನಡೆದು, ಅದೇ ಗುಡ್ಡ ಹತ್ತಿದ್ದನಂತೆ. ಅತ್ತೆಯ ಹೆಬ್ಬೆರಳು ಒತ್ತಿದರೆ ಕಂಬವೂ ಕಾಲು ಮಡಚುತ್ತದೆ ಅಂತಿದ್ದರು. ಸೊಸೆ ಎದುರು ಕೂತರೆ ಕಲ್ಲೂ ತನ್ನ ಸಂಕಟ ಹೇಳಿಕೊಳ್ಳುತ್ತದೆ ಅಂತಿದ್ದರು. ಆದರೆ ಇಬ್ಬರಿಗೂ ಒಂದು ನಿಮಿಷ ಸರಿಬರುತ್ತಿರಲಿಲ್ಲ. ಅವರಿಗಿಂತ ಮೊದಲು ಅವರ ಜಗಳ ಊರು ಮುಟ್ಟುತ್ತಿತ್ತು. ಇಬ್ಬರ ನಡುವೆ ಇರಬೇಕಾದ ಗಂಡಸು ಎಲ್ಲಿಗೆ ಹೋದ ಅಂತ ಕೇಳಿದರೆ ಇಬ್ಬರೂ ಒಂದೇ ಉತ್ತರ ಕೊಡುತ್ತಿದ್ದರಂತೆ: "ಆಕಿನ್ನ ಕೇಳ್ರಿ."

ಬೇವಿನ ಕಟ್ಟೆಯ ಮುಂದೆ ಜನ ನೆರೆದದ್ದು ಕಂಡು ಇಬ್ಬರೂ ನಿಂತರು. ಕೆಂಚವ್ವ ಯಾರನ್ನೂ ಕೇಳದೆ ಕಟ್ಟೆ ಹತ್ತಿ, ದೇವರ ಅಂಗಾಲಿಗೆ ಉಗುರಿನಿಂದ ಚಿವುಟಿದಳು. ಕಾಲಿನ ಹೆಬ್ಬೆರಳು ಚೂರು ಸರಿಯಿತು.

"ಕಾಲು ಸತ್ತಿಲ್ಲ," ಅಂದಳು. "ಮಲಗೈತಿ. ನೀವೆಲ್ಲಾ ಕೂಡಿ ಜೋಗುಳ ಹಾಡಾಕ ಹತ್ತೀರಿ."

ಗವಿಯಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ ಆ ಮುದುಕಿಗೆ ಕೈಮುಗಿಯಬೇಕು ಅನ್ನಿಸಿತು. ಬಾಯಿ ತೆರೆದ. ಬಂದದ್ದು ಅದೇ: "ನಿನ್ನ ಬಾಯಾಗ ಮಣ್ಣು ಹಾಕ!"

ಜನ ಭಕ್ತಿಯಿಂದ ಮಣ್ಣಿಗೆ ಬಾಗಿದರು. ನೀಲವ್ವ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಿನ್ನ ಬಾಯಾಗ ಹಾಕ್ಕೊಳೋ ಯಪ್ಪಾ. ನಾವು ಈಗ ಉಂಡು ಬಂದೀವಿ."

ಗವಿಯಪ್ಪನ ಬಾಯಿಯ ಅರ್ಧ ಭಾಗ ಮೇಲೆ ಹೋಯಿತು, ಹೆಗಲು ಅಲುಗಿತು, ಗಂಟಲಿನಿಂದ ಗೊರಗೊರ ಸದ್ದು ಬಂತು. ನಗುತ್ತಿದ್ದ. ಬಿದ್ದಾಗಿನಿಂದ ಅವನಿಗೆ ಯಾರೂ ಎದುರುತ್ತರ ಕೊಟ್ಟಿರಲಿಲ್ಲ.

"ಇವ ದೇವರಲ್ಲ, ಬಿಡ್ರಿ," ಅಂದಳು ನೀಲವ್ವ. "ಇವಗ ನಗಿ ಬರತೈತಿ." ಆಮೇಲೆ ಅವನ ಎದುರು ಕುಕ್ಕರಗಾಲಲ್ಲಿ ಕೂತು ಕೇಳಿದಳು: "ಕೆಳಗ ಇಳೀಬೇಕೇನು? ಹೌದಾದರ ಕಣ್ಣು ಮುಚ್ಚು." ಅವನು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿಂದ ನೀರು ಇಳಿಯಿತು.

ಮಾರೆಪ್ಪ ಅಡ್ಡ ಬಂದ. ಹೊಳೆಯ ಮಗನ ಕಾಲು ನೆಲಕ್ಕೆ ತಾಗಿದರೆ ಊರಿಗೇ ಕೇಡು ಅಂದ. ಹಿರಿಯರೂ ತಲೆಯಾಡಿಸಿದರು. ಆಗ ಅಷ್ಟು ದಿನ ಒಂದು ಮಾತಾಡದ ಹುಲಿಗೆವ್ವ ಜನರನ್ನು ಸರಿಸಿಕೊಂಡು ಬಂದಳು.

"ಕೇಡು ಬಂದರ ನನ್ನ ಮನಿಗೇ ಬರಲಿ. ಹೊಳಿಗೆ ಮಗ ಬೇಕಾದರ ಬ್ಯಾರೆ ಯಾರನ್ನಾರ ಕೊಡ್ರಿ. ಇವ ನನ್ನ ಗಂಡ."

ಹೇಳಿ, ಗಂಡನನ್ನು ಬೆನ್ನಿಗೆ ಹಾಕಿಕೊಂಡು ಕಟ್ಟೆ ಇಳಿದಳು. ಆಗ ಗುಡುಗಿತು ಅಂತಾರೆ. ಸಿಟ್ಟಿಗೆ ಮಾರೆಪ್ಪ ಹಿತ್ತಾಳೆಯ ಕೊಡ ಎತ್ತಿ ಒಗೆದದ್ದು ಅಂತಲೂ ಅಂತಾರೆ.

ಮಾರನೆಯ ದಿನದಿಂದ ಗವಿಯಪ್ಪನ ಮನೆಯಲ್ಲಿ ಔಷಧ ಶುರುವಾಯಿತು. ಕಾದ ಮರಳಿನ ಗಂಟು, ಎಣ್ಣೆ, ನೀವುವುದು, ಜಗ್ಗುವುದು. ಅಷ್ಟಕ್ಕೆ ಮುಗಿಯಲಿಲ್ಲ. ಕೆಂಚವ್ವ ಅವನ ಎಡಗೈಯನ್ನು, ಅಂದರೆ ಗಟ್ಟಿಯಾಗಿದ್ದ ಕೈಯನ್ನು, ಪಟ್ಟಿಯಿಂದ ಸೊಂಟಕ್ಕೆ ಕಟ್ಟಿದಳು. ಮುಂದೆ ರೊಟ್ಟಿ ಇಟ್ಟಳು. ಹಸಿವಾದರೆ ಬಲಗೈಯಿಂದ ತಿನ್ನು, ಆಗದಿದ್ದರೆ ರೊಟ್ಟಿ ನೋಡಿಕೊಂಡು ಕೂಡು ಅಂದಳು. ಹುಲಿಗೆವ್ವ ತುತ್ತು ಮಾಡಲು ಬಂದರೆ ಬಾಗಿಲ ಹೊರಗೆ ಅಟ್ಟಿದಳು. ಗವಿಯಪ್ಪ ಕಿರುಚಿದ. ಕಿರುಚುವುದಕ್ಕೂ ಅದೊಂದೇ ಬೈಗುಳ.

ನೀಲವ್ವ ಬಂದು ಪಟ್ಟಿ ಬಿಚ್ಚಿದಳು.

"ಯಾಕ ಬಿಚ್ಚಿದಿ?"

"ಅವನ್ನ ಕೇಳಿ ಕಟ್ಟಿದಿಯೇನತ್ತಿ? ಇಷ್ಟು ದಿನ ಊರವರು ಕೇಳದ ಕೂರಿಸಿದ್ದರು. ಈಗ ನೀ ಕೇಳದ ಕಟ್ಟೀದಿ."

"ಹಸುಕೂಸಿಗೆ ಕೇಳಿ ಹಾಲು ಕುಡಿಸ್ತಾರೇನ? ಎಣ್ಣಿ ಹಚ್ಚಿ ದುಡಿಸಿದರ ಕೈ ತಾನ ಬರತೈತಿ."

"ಯಾತಕ್ಕ ಬರಬೇಕು ಅಂತ ಆ ಕೈಗೆ ಗೊತ್ತಿರಬೇಕಲ್ಲ."

"ನಿನ್ನ ಮಾತಿಗೆ ಕುಂಟ ಕುಣೀತಾನ, ಹೋಗು!"

"ನಿನ್ನ ಜಗ್ಗಾಟಕ್ಕ ಇದ್ದವನೂ ಸಾಯ್ತಾನ!"

ಜಗಳ ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ಓಡಾಡಿತು. ಗವಿಯಪ್ಪನಿಗೆ ಹಸಿವು ಬೇರೆ. ಕಿವಿ ಮುಚ್ಚಿಕೊಳ್ಳೋಣವೆಂದರೆ ಬರುವುದು ಒಂದೇ ಕೈ. ತಲೆಯೊಳಗೆ ಏನೋ ಸರ್ರನೆ ಬಿಸಿಯಾಗಿ ಮೇಲೆ ಬಂದ ಹಾಗಾಯಿತಂತೆ.

"ಸಾಕ್!" ಅಂದ.

ಇಬ್ಬರೂ ಅವನ ಕಡೆ ತಿರುಗಿದರು.

"ಸಾಕ್... ಮಾಡ್ರೇ!"

ಅತ್ತೆ ಸೊಸೆಯ ಮುಖ ನೋಡಿದಳು, ಸೊಸೆ ಅತ್ತೆಯ ಮುಖ ನೋಡಿದಳು. ಹೊಸಿಲಲ್ಲಿ ಹುಲಿಗೆವ್ವ ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಟ್ಟಳು.

ಅಂದಿನಿಂದ ಅದೇ ಔಷಧವಾಯಿತು. ದಿನಾ ಬೆಳಿಗ್ಗೆ ಅತ್ತೆ ಸೊಸೆ ಅವನ ಎದುರು ಜಗಳಕ್ಕೆ ನಿಲ್ಲುವುದು, ಅವನು ನ್ಯಾಯ ಹೇಳುವುದು. ಮೊದಮೊದಲು "ಆಕಿ", "ಈಕಿ" ಅಷ್ಟೇ. ಆಮೇಲೆ ಬೈಗುಳಗಳು ಒಂದೊಂದಾಗಿ ತಿರುಗಿ ಬಂದವು. ಅವುಗಳ ಹಿಂದೆ ಸಾಮಾನುಗಳ ಹೆಸರು ಬಂದವು: ಕೊಡ, ರೊಟ್ಟಿ, ಹಗ್ಗ. ಎಲ್ಲಕ್ಕಿಂತ ಕೊನೆಗೆ ಮನುಷ್ಯರ ಹೆಸರು. ಒಂದು ದಿನ ಒಲೆಯ ಮುಂದೆ ಕೂತಿದ್ದ ಹೆಂಡತಿಯ ಬೆನ್ನು ನೋಡುತ್ತಾ ನೋಡುತ್ತಾ "ಹುಲಿಗೀ" ಅಂದನಂತೆ. ಅವಳು ತಿರುಗಲಿಲ್ಲ. ತಿರುಗಿದರೆ ಮಾತು ನಿಂತುಹೋದೀತು ಅಂತ ಹೆದರಿ ಹಾಗೇ ಕೂತಳು. ಅವನು ಮತ್ತೆ ಕರೆದ, ಮತ್ತೆ ಕರೆದ. ಆ ಹೊತ್ತು ಹೆಂಚಿನ ಮೇಲಿದ್ದ ರೊಟ್ಟಿಯೆಲ್ಲಾ ಕರಕಲು. ಅತ್ತೆ ಸೊಸೆ ಒಂದು ಮಾತಾಡದೆ ಆ ಕರಕಲನ್ನೇ ತಿಂದರು ಅಂತಾರೆ.

ಆ ಜಗಳ ನಿಜವೋ, ಔಷಧಕ್ಕೆಂದು ಆಡಿದ್ದೋ? ಊರವರು ಈಗಲೂ ಎರಡು ಪಾರ್ಟಿ.

ಎಡಗೈಯನ್ನು ಈಗ ಅವನೇ ಮುಂದೆ ಚಾಚಿ ಕಟ್ಟು ಅನ್ನುತ್ತಿದ್ದ. ಬಲಗೈಯ ಹೆಬ್ಬೆರಳು ಮೊದಲು ಬಂತು. ಆಮೇಲೆ ಹಿಡಿ ಬಂತು. ಕೋಲೂರಿ ಕಾಲೆಳೆಯುತ್ತಾ ಬೀದಿಯ ತುದಿಯವರೆಗೂ ಹೋಗಿ ಬಂದ. ಮೇಲಿನ ಸೀಮೆಯಲ್ಲಿ ಮೋಡ ಕಟ್ಟುತ್ತಿವೆ, ಹೊಸ ನೀರು ದೂರವಿಲ್ಲ ಅಂತ ಸುದ್ದಿ ಬಂತು. ಮಾರೆಪ್ಪ ತನ್ನ ಹರಿಗೋಲಿಗೆ ಹೊಸ ಚರ್ಮ ಹೊದಿಸುತ್ತಿದ್ದ.

ಆದರೆ ಗವಿಯಪ್ಪ ಹೊಳೆಯ ಕಡೆ ಮಾತ್ರ ಹೋಗಲೊಲ್ಲ. ನೀರಿನ ಸದ್ದು ಕಿವಿಗೆ ಬಿದ್ದರೆ ಮೈ ಬೆವೆತು, ಕಾಲು ನಿಂತಲ್ಲೇ ಹೂತು ಹೋಗುತ್ತಿತ್ತು. ಕೆಂಚವ್ವನಿಗೆ ಅದು ತಿಳಿಯಲಿಲ್ಲ. ಕಾಲು ಬಂತು, ಕೈ ಬಂತು, ಇನ್ನೇನು ಮೈಗಳ್ಳತನ ಅಂದಳು. ಸೊಸೆ ಬೇಡವೆಂದರೂ ಕೇಳದೆ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಮೊಣಕಾಲ ನೀರಲ್ಲಿ ನಿಲ್ಲಿಸಿದಳು. ಗವಿಯಪ್ಪ ಅಲ್ಲೇ ಕುಸಿದ. ಮನೆಗೆ ತಂದು ಮಲಗಿಸಿದರೆ ಕೈ ಮತ್ತೆ ಜೋತು ಬಿದ್ದಿತ್ತು. ಏನು ಕೇಳಿದರೂ ಹಳೆಯ ಅದೊಂದೇ ಬೈಗುಳ.

ಆ ದಿನ ಗವಿಯಪ್ಪನ ಮನೆಯಿಂದ ಜಗಳದ ಸದ್ದಿಲ್ಲ. ಊರಿಗೇ ಗಾಬರಿ. ಕೆಂಚವ್ವ ಗೋಡೆಗೊರಗಿ ತನ್ನ ಎರಡೂ ಹೆಬ್ಬೆರಳು ನೋಡುತ್ತಾ ಬಹಳ ಹೊತ್ತು ಕೂತಿದ್ದಳಂತೆ. ಆಮೇಲೆ ಹೇಳಿದಳು: "ನೀಲೀ, ಇದು ನನ್ನ ಕೈಗೆ ಸಿಗೂದಲ್ಲ. ನೀ ನೋಡವ್ವ." ಜನ್ಮದಲ್ಲಿ ಅವಳು ಸೊಸೆಯನ್ನು ಅವ್ವಾ ಅಂದದ್ದು ಅದೊಂದೇ ಸಲ.

ನೀಲವ್ವ ಗವಿಯಪ್ಪನ ಹಾಸಿಗೆಯ ಹತ್ತಿರ ಕೂತು ತನ್ನ ಗುಟ್ಟು ಬಿಚ್ಚಿದಳು. ಅವಳಿಗೂ ನೀರೆಂದರೆ ಜೀವ ಹೋಗುವಷ್ಟು ಭಯ. ಹುಟ್ಟಿದಾಗಿನಿಂದ ಒಂದು ಹೊಳೆಯನ್ನೂ ಹರಿಗೋಲಿನಲ್ಲಿ ದಾಟಿದವಳಲ್ಲ. ಹೊಳೆ ಅಡ್ಡ ಬಂದಾಗಲೆಲ್ಲ ಅತ್ತೆಯನ್ನೂ ಕತ್ತೆಯನ್ನೂ ಕರೆದುಕೊಂಡು, ಆ ಹೊಳೆ ಹುಟ್ಟುವ ಗುಡ್ಡದವರೆಗೆ ನಡೆದು, ಹಾರಿ ದಾಟುವಷ್ಟು ಸಣ್ಣಗಿದ್ದಲ್ಲಿ ದಾಟಿ, ಮತ್ತೆ ಅಷ್ಟೂ ದಾರಿ ಇಳಿದು ಬರುತ್ತಿದ್ದಳಂತೆ. "ನಮ್ಮತ್ತಿ ನನ್ನ ಮ್ಯಾಲ ಯಾಕ ಹರಿಹಾಯ್ತಾಳ ಅಂತ ಈಗ ತಿಳೀತೇನು?" ಅಂದಳು. "ಆಚಿ ದಂಡಿಗೆ ನನ್ನ ತವರುಮನಿ ಐತಿ. ಮದುವ್ಯಾಗ ಗುಡ್ಡ ಸುತ್ತಿ ಬಂದಾಕಿ, ಅಷ್ಟು ದೂರ ತಿರುಗಿ ಹೋಗಾಕ ಆಗಿಲ್ಲ. ನಮ್ಮವ್ವ ಅದಾಳೋ ಹೋದಳೋ ಗೊತ್ತಿಲ್ಲ. ನೀ ಅಂಬಿಗ ಅಂತ. ನನಗ ಹೊಳಿ ಅಂದರ ಏನಂತ ಒಂಚೂರು ಹೇಳಿಕೊಡು."

ಗವಿಯಪ್ಪ ಅವಳನ್ನೇ ನೋಡಿದ. ತನಗಿಂತ ಹೆಚ್ಚು ಹೆದರಿದವರನ್ನು ಅವನು ಬಿದ್ದಮೇಲೆ ಕಂಡಿರಲಿಲ್ಲ.

ಮೊದಲ ದಿನ ಇಬ್ಬರೂ ಹೊಳೆಯ ಸದ್ದು ಸಣ್ಣಗೆ ಕೇಳುವ ಜಾಗದಲ್ಲಿ ಕೂತು ನಡುಗಿದರು. ಮುಂದೆ ಹೋಗಬೇಕು ಅಂತ ಇಬ್ಬರಿಗೂ ಅನ್ನಿಸಿದ ದಿನ ಎದ್ದು ನಾಲ್ಕು ಮಾರು ಮುಂದೆ ಹೋಗಿ ಕೂತರು. ನೀಲವ್ವ ಕೇಳುತ್ತಿದ್ದಳು, ಆ ಸುಳಿ ಯಾಕೆ ಹಾಗೆ ತಿರುಗುತ್ತದೆ, ಆ ಬಂಡೆಯ ಹತ್ತಿರ ನೀರೇಕೆ ಕಪ್ಪಗಿದೆ. ಹೇಳಬೇಕೆಂದರೆ ಅವನಿಗೆ ಮಾತು ಬೇಕು. ಕೈಯೆತ್ತಿ ತೋರಿಸಬೇಕೆಂದರೆ ಕೈ ಬೇಕು. ಅವಳನ್ನು ಹಿಡಿದು ಮುಂದೆ ನಡೆಸಬೇಕೆಂದರೆ ಕಾಲು ಬೇಕು. ಅವಳ ಭಯ ಬಿಡಿಸುವ ಗಡಿಬಿಡಿಯಲ್ಲಿ ತನ್ನದನ್ನು ಎಲ್ಲಿಟ್ಟೆ ಅಂತ ಮರೆತೇಬಿಟ್ಟ. ಒಂದು ಸಂಜೆ ಇಬ್ಬರ ಪಾದವೂ ನೀರಲ್ಲಿತ್ತು. ಕೆಂಚವ್ವ ದಡದ ಮೇಲೆ ಎಣ್ಣೆಯ ಬುರುಡೆ ಹಿಡಿದು, ಬಾಯಿ ಬಿಗಿದು ನಿಂತಿದ್ದಳು. ಅವಳಿಗೆ ಅದು ಬಲು ಕಷ್ಟವಾಯಿತಂತೆ.

ಹೊಸ ನೀರು ಬಂತು.

ಬೆಳಗಾಗುವುದರೊಳಗೆ ಹೊಳೆ ಕೆಂಪಗೆ, ದಡದಿಂದ ದಡಕ್ಕೆ ತುಂಬಿ ನಿಂತಿತ್ತು. ಊರಿಗೆ ಊರೇ ಕಡವಿನಲ್ಲಿ. ಮಾರೆಪ್ಪ ತಲೆಗೆ ಹೊಸ ರುಮಾಲು ಸುತ್ತಿ, ಹರಿಗೋಲಿಗೆ ಅರಿಶಿನ ಹಚ್ಚಿ, ಹೊತ್ತು ನೆತ್ತಿಗೇರಲೆಂದು ಕಾಯುತ್ತಿದ್ದ. ಆಗ ಬೀದಿಯ ಕಡೆಯಿಂದ ಕೋಲಿನ ಸದ್ದು ಬಂತು. ಗವಿಯಪ್ಪ, ಅವನ ಹಿಂದೆ ಹುಲಿಗೆವ್ವ, ಅವಳ ಹಿಂದೆ ಅತ್ತೆ, ಸೊಸೆ, ಕತ್ತೆ.

ಮಾರೆಪ್ಪ ಓಡಿಬಂದು ಕಾಲಿಗೆ ಬಿದ್ದ. "ಅಣ್ಣಾ, ದೇವರು ಹುಟ್ಟು ಹಾಕೂದುಂಟೇನು? ನೀ ದಂಡಿ ಮ್ಯಾಲ ಕುಂತು ಆಶೀರ್ವಾದ ಮಾಡು. ನಾ ಹೋಗಿ ಬರ್ತೀನಿ."

ಗವಿಯಪ್ಪ ಕೋಲೂರಿ ನಿಂತ. ಬಾಯಿ ಇನ್ನೂ ಒಂದು ಕಡೆ ಚೂರು ಜಗ್ಗಿತ್ತು. ಮಾತು ನಿಧಾನ ಬಂತು, ಆದರೆ ಇಡಿಯಾಗಿ ಬಂತು.

"ಅತ್ತ ಸರಿ ಮಾರ್ಯಾ. ನನಗ ದೇವರಾಗಾಕ ಪುರಸೊತ್ತಿಲ್ಲ. ಗಿರಾಕಿ ಕಾಯಾಕ ಹತ್ಯಾರ."

ಆಗ ಎದ್ದ ನಗೆ ಆಚೆ ದಡಕ್ಕೆ ಕೇಳಿಸಿತಂತೆ.

ಕೆಂಚವ್ವ ತನ್ನ ಸೀರೆಯ ಅಂಚು ಹರಿದು ಅವನ ಬಲಗೈಯನ್ನು ಹುಟ್ಟಿಗೆ ಕಟ್ಟಿದಳು. "ಕಟ್ಟಲೇನು?" ಅಂತ ಕೇಳಿ ಕಟ್ಟಿದಳು, ಅದನ್ನು ಸೊಸೆ ನೋಡಿದಳು. ನೀಲವ್ವ ಕಣ್ಣು ಮುಚ್ಚಿಕೊಂಡು ಹರಿಗೋಲು ಹತ್ತಿದಳು, ಹಿಂದೆಯೇ ಸಾಮಾನಿನ ಗಂಟು ಹಿಡಿದು ಕೆಂಚವ್ವ. ಹರಿಗೋಲು ದಡ ಬಿಟ್ಟಿತು.

ಬಿಟ್ಟದ್ದೇ ತಡ, ಗಿರಗಿರ ಸುತ್ತತೊಡಗಿತು. ಎಡಗೈಯ ಬಲ ಹೆಚ್ಚು, ಬಲಗೈಯ ಬಲ ಕಡಿಮೆ. ಹೆಸರಾದ ಅಂಬಿಗನ ಹರಿಗೋಲು ಎಳೆಯ ಹುಡುಗನ ಕೈಗೆ ಸಿಕ್ಕಂತೆ ಸುತ್ತುತ್ತಾ ಸೆಳವಿನಲ್ಲಿ ಕೆಳಕ್ಕೆ ಜಾರಿತು. ದಡದ ಮೇಲೆ ಕೂಗಾಟ. ನೀಲವ್ವ ಚೀರುತ್ತಿದ್ದಳು. ಕೆಂಚವ್ವ "ಬಲಗೈ! ಬಲಗೈ!" ಅಂತ ಒದರುತ್ತಿದ್ದಳು. ಗವಿಯಪ್ಪ ಹೊಳೆಯನ್ನು, ಗಾಳಿಯನ್ನು, ಅತ್ತೆಯನ್ನು, ಸೊಸೆಯನ್ನು, ತನ್ನ ಕೈಯನ್ನು ಬೈಯುತ್ತಿದ್ದ. ಎಂಥೆಂಥ ಬೈಗುಳ! ಒಂದು ಬಂದದ್ದು ಇನ್ನೊಂದು ಸಲ ಬರಲಿಲ್ಲ. ದಡದ ಮೇಲೆ ಹುಲಿಗೆವ್ವ ಒಬ್ಬಳೇ ಅಳದೆ ಕೇಳುತ್ತಾ ನಿಂತಿದ್ದಳು.

ನಡುಹೊಳೆಯಲ್ಲಿ ಅವನಿಗೆ ಹೊಳೆಯಿತು. ಮೊದಲಿನ ಹಾಗೆ ನೆಟ್ಟಗೆ ಹೋಗುವ ಕೈ ಇದಲ್ಲ. ಸುತ್ತುವುದಾದರೆ ಸುತ್ತಲಿ. ತಡೆಯುವುದು ಬಿಟ್ಟು, ಸುತ್ತಿ ಸುತ್ತಿ ತನ್ನ ಮುಖ ಆಚೆ ದಡಕ್ಕೆ ತಿರುಗಿದಾಗಲೆಲ್ಲ ಎರಡೂ ಕೈ ಕೂಡಿಸಿ ಒಂದು ಹುಟ್ಟು ಎಳೆದ. ಸುತ್ತು, ಎಳೆ. ಸುತ್ತು, ಎಳೆ. ಹರಿಗೋಲು ಕುಣಿಯುತ್ತಾ ಕುಣಿಯುತ್ತಾ, ಕಡವಿನಿಂದ ಎಷ್ಟೋ ಕೆಳಗೆ, ಯಾರೂ ಇಳಿಯದ ಜಾಲಿಯ ಪೊದೆಯ ಹತ್ತಿರ ಆಚೆ ದಡಕ್ಕೆ ಢಿಕ್ಕಿ ಹೊಡೆಯಿತು. ದಡ ಮುಟ್ಟಿಸಬೇಕು ಅನ್ನುತ್ತದೆ ಕಟ್ಟಳೆ, ಎಲ್ಲಿ ಅಂತ ಹೇಳಿಲ್ಲ. ಈಚೆ ದಡದಲ್ಲಿ ಎದ್ದ ಕೇಕೆಗೆ ಪೊದೆಯ ಹಕ್ಕಿಗಳೆಲ್ಲಾ ಹಾರಿ ಹೋದವಂತೆ. ಮಾರೆಪ್ಪ ರುಮಾಲು ಬಿಚ್ಚಿ ಬೀಸಿದ. ಎಲ್ಲರೂ ಬೀಸುವಾಗ ಒಬ್ಬನೇ ಸುಮ್ಮನಿರಲು ಅವನಿಗೂ ಆಗಲಿಲ್ಲ.

ನೀಲವ್ವ ಇಳಿದು, ಪೊದೆಯ ಬುಡದಲ್ಲಿ ವಾಂತಿ ಮಾಡಿ, ಬಾಯಿ ತೊಳೆದು ಹೇಳಿದಳು: "ಅತ್ತೀ, ಇನ್ನೊಂದು ಸಲ ಹೋಗಿ ಬರೂಣೇನು?"

ಕತ್ತೆ ತಾನೇ ಈಜಿ ಬಂದು ಇವರಿಗಿಂತ ಮೊದಲು ದಡದಲ್ಲಿ ನಿಂತಿತ್ತು. ಇಬ್ಬರೂ ಅದಕ್ಕೆ ಸಾಮಾನು ಹೇರಿ ಹೊರಟರು. ಗವಿಯಪ್ಪನನ್ನು ಎಬ್ಬಿಸಿದ್ದು ಎಣ್ಣೆಯೋ ಮಾತೋ ಅಂತ ಅವರು ಜಗಳವಾಡುವುದು ಜಾಲಿಯ ಹಿಂದೆ ಮರೆಯಾದ ಮೇಲೂ ಬಹಳ ಹೊತ್ತು ಕೇಳಿಸುತ್ತಿತ್ತಂತೆ. ಆಮೇಲೆ ಅವರನ್ನು ಬಂಡೆಹೊಳೆಯವರು ಯಾರೂ ಕಂಡಿಲ್ಲ. ಗವಿಯಪ್ಪ ಮುಪ್ಪಿನವರೆಗೂ ಸುತ್ತಿ ಸುತ್ತಿಯೇ ಜನರನ್ನು ದಾಟಿಸಿದ. ತಲೆ ತಿರುಗುತ್ತದೆ ಅಂದವರಿಗೆ ಕಣ್ಣು ಮುಚ್ಚಿಕೊಂಡು ತನ್ನ ಮಾತು ಕೇಳಲು ಹೇಳುತ್ತಿದ್ದನಂತೆ.

ಬಂಡೆಹೊಳೆಗೆ ಈಗ ಸೇತುವೆಯಾಗಿದೆ. ಆದರೂ ಹೊಸ ನೀರು ಬಂದ ದಿನ ಊರವರು ಒಂದು ಹರಿಗೋಲು ಇಳಿಸುತ್ತಾರೆ. ಆ ವರ್ಷ ಊರಲ್ಲಿ ಕೈಯೋ, ಕಾಲೋ, ಮಾತೋ, ಮನಸ್ಸೋ ಕಳಕೊಂಡು ಮಲಗಿ ಎದ್ದವರು ಯಾರಿದ್ದಾರೋ ಅವರನ್ನು ಅದರಲ್ಲಿ ಕೂರಿಸುತ್ತಾರೆ. ಕೂರುತ್ತೀಯಾ ಅಂತ ಮೊದಲು ಕೇಳುತ್ತಾರೆ. ಎದುರಿಗೆ ಯಾವುದಾದರೂ ಮನೆಯ ಅತ್ತೆ ಸೊಸೆ ಕೂತು ಬಾಯಿಗೆ ಬಂದ ಹಾಗೆ ಬೈದಾಡುತ್ತಿರಬೇಕು, ಅದಕ್ಕೆ ಎಂದೂ ಜನ ಕಡಿಮೆಯಾಗಿಲ್ಲ. ಹುಟ್ಟು ಆ ಎದ್ದವರ ಕೈಗೆ. ದಡದ ಮೇಲಿಂದ ಅಯ್ಯೋ ಪಾಪ ಅಂದವರನ್ನು ಅವರ ಬಟ್ಟೆಯ ಸಮೇತ ನೀರಿಗೆ ತಳ್ಳುತ್ತಾರೆ. ಹರಿಗೋಲು ನಡುಹೊಳೆಯಲ್ಲಿ ಎಷ್ಟು ಹೊತ್ತು ಸುತ್ತಿದರೂ ಸರಿ, ಯಾರೂ ಕೈಚಾಚಿ ಹುಟ್ಟು ತಗೊಳ್ಳುವುದಿಲ್ಲ.